ಕುರ್ಲಾದ ಕಾರು, ಆಡುಗೋಡಿಯ ಕಿಡಿ



ಮಾಜಿವಾಡಾ ನಾಕಾ ನಿಮಗೆಲ್ಲ ಗೊತ್ತಿರುವ ಜಾಗ. ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಲ್ಲಿಗೆ ಬಂದು ಕವಲಾಗುತ್ತದೆ. ಒಂದು ದಾರಿ ಘೋಡ್‌ಬಂದರಿಗೆ, ಇನ್ನೊಂದು ಭಿವಂಡಿ ದಾಟಿ ನಾಸಿಕಕ್ಕೆ. ಕಾಪುರ್‌ಬಾವ್ಡಿಯಿಂದ ಇಲ್ಲಿಯವರೆಗೆ ಫಸ್ಟ್ ಗೇರಿನಲ್ಲೇ ತೆವಳುತ್ತ ಬರುವ ಕಾರು ಸಿಗ್ನಲ್ಲಿನಲ್ಲಿ ಒಮ್ಮೆ ನಡುಗಿ, ಎರಡು ಸಲ ಕೆಮ್ಮಿ ನಿಂತುಬಿಟ್ಟರೆ ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಾರೆ. ಮರುದಿನ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಪ್ಲಗ್ ಬದಲಿಸಬೇಕು, ತಂದುಕೊಡಿ" ಎನ್ನುತ್ತಾರೆ. ನೀವು ಅಂಗಡಿಗೆ ಹೋಗುತ್ತೀರಿ. ಅಂಗಡಿಯವರು ಮೂರು ಕಂಪನಿಯ ಮೂರು ಡಬ್ಬಿ ಮುಂದಿಡುತ್ತಾರೆ. ಒಂದರ ಮೇಲೆ 6, ಒಂದರ ಮೇಲೆ 7, ಇನ್ನೊಂದರ ಮೇಲೆ 9. "ಯಾವುದಾದರೂ ನಡೀತದೆ" ಅಂದರೆ ನಂಬಬಹುದೇ?

ಉತ್ತರಕ್ಕೆ ಸುಮಾರು 100 ವರ್ಷ ಹಿಂದೆ ಹೋಗಿ ಬರಬೇಕು. ಬೇಸರಪಡಬೇಡಿ, ಈ ಕಥೆಯ ಅರ್ಧ ನಮ್ಮ ಮುಂಬಯಿಯಲ್ಲಿ ನಡೆದಿದೆ, ಇನ್ನರ್ಧ ಬೆಂಗಳೂರಿನಲ್ಲಿ. ರೇಡಿಯೊ ಕೇಳುವ ನಮಗಂತೂ ಪ್ಲಗ್ಗು ಹತ್ತಿರದ ಬಂಧು!

ಕಿಡಿಯ ಅಣ್ಣ-ತಮ್ಮ

ಪೆಟ್ರೋಲ್ ಎಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒತ್ತಿಕೊಂಡಿರುತ್ತದೆ. ಸರಿಯಾದ ಕ್ಷಣದಲ್ಲಿ ಅದಕ್ಕೆ ಕಿಡಿ ಹಚ್ಚಬೇಕು. ಕೇಳಲು ಸುಲಭ. ಆದರೆ ಮೋಟಾರು ಕಾರಿನ ಆರಂಭದ ದಿನಗಳಲ್ಲಿ ಎಲ್ಲಕ್ಕಿಂತ ದೊಡ್ಡ ತಲೆನೋವು ಇದೇ ಆಗಿತ್ತು. ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಎಟಿಯೆನ್ ಲೆನ್ವಾರ್ 1860ರಲ್ಲಿಯೇ ತಮ್ಮ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿ ಬಳಸಿದ್ದರು. ಅದು ನಿಧಾನವಾಗಿ ತಿರುಗುವ ಯಂತ್ರ. ರಸ್ತೆಯ ಮೇಲೆ ಓಡುವ ಕಾರಿಗೆ ನಂಬಬಹುದಾದ ಕಿಡಿ ಬಂದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಜೊತೆಯಾದ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅದರ ಪೇಟೆಂಟಿನ ತಾರೀಕು 1902ರ ಜನವರಿ 7.

ಅದಕ್ಕೆ ಒಂದು ತಿಂಗಳು ಮೊದಲು, 1901ರ ಡಿಸೆಂಬರ್ 12ರಂದು, ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ತಂತಿಯಿಲ್ಲದ ಸಂಕೇತವನ್ನು ಕೇಳಿದ್ದರು. ಆ ಸಂಕೇತ ಹುಟ್ಟಿದ್ದು ಹೇಗೆ? ಎರಡು ಲೋಹದ ತುದಿಗಳ ನಡುವೆ ಹಾರಿದ ಕಿಡಿಯಿಂದ! ಎಲ್ಲಿ ಕಿಡಿ ಹಾರುತ್ತದೋ ಅಲ್ಲಿ ರೇಡಿಯೊ ಅಲೆ ಏಳುತ್ತದೆ ಎಂಬುದನ್ನು ಹರ್ಟ್ಸ್ 1880ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಹಾಗಾಗಿ ಕಾರಿನ ಪ್ಲಗ್ಗೂ ಒಂದು ಪುಟ್ಟ ಪ್ರಸಾರ ಕೇಂದ್ರವೇ. ಅದರ ಕಾರ್ಯಕ್ರಮ ಮಾತ್ರ ಬರೀ ಚಟಪಟ, ಚಟಪಟ.

1930ರಲ್ಲಿ ಅಮೆರಿಕದಲ್ಲಿ ಕಾರ್ ರೇಡಿಯೊ ಮಾರಾಟಕ್ಕೆ ಬಂದಾಗ ಈ ಚಟಪಟವೇ ದೊಡ್ಡ ಶತ್ರುವಾಯಿತು. ಎಂಜಿನ್ ಚಾಲೂ ಮಾಡಿದರೆ ಹಾಡು ಕೇಳುತ್ತಿರಲಿಲ್ಲ. ಇಂತಹ ಅಡಚಣೆಗಳಿಗೆ ಮಿತಿ ಹಾಕಲೆಂದೇ 1934ರಲ್ಲಿ ಸಿಸ್ಪ್ರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಅದರ ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದರು. ಕಾರಿನಲ್ಲಿ ಕಿಡಿಯ ಗದ್ದಲ ಅಡಗಿಸಲು ಕಂಡುಕೊಂಡ ಉಪಾಯ ಸರಳ: ದಾರಿಯಲ್ಲಿ ಒಂದು ರೆಸಿಸ್ಟರ್ ಇಡುವುದು. ಮೊದಮೊದಲು ಅದನ್ನು ತಂತಿಯಲ್ಲೋ ಕ್ಯಾಪಿನಲ್ಲೋ ಇಡುತ್ತಿದ್ದರು. ಆಮೇಲೆ ಪ್ಲಗ್ಗಿನ ಹೊಟ್ಟೆಯೊಳಗೇ ಸೇರಿಸಿದರು. ಪ್ಲಗ್ಗಿನ ನಂಬರಿನಲ್ಲಿ 'ಆರ್' ಎಂಬ ಅಕ್ಷರ ಕಂಡರೆ ಅದೇ ಇದು. ಈ ಅಕ್ಷರದ ಮಾತಿಗೆ ಮತ್ತೆ ಬರೋಣ.

ವಿಶ್ವೇಶ್ವರಯ್ಯನವರ ಕನಸು, ಕುರ್ಲಾದ ಕಾರ್ಖಾನೆ

ಈಗ ಮುಂಬಯಿಗೆ ಬನ್ನಿ. 1928ರಲ್ಲಿ ಜನರಲ್ ಮೋಟಾರ್ಸ್ ಶಿವಡಿಯಲ್ಲಿ ಕಾರುಗಳ ಜೋಡಣೆ ಶುರುಮಾಡಿತು. ಕಾರಿನ ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಬೋಲ್ಟು-ನಟ್ಟು ಬಿಗಿಯುವುದಷ್ಟೇ ಕೆಲಸ. ಪ್ಲಗ್ಗೂ ಹಾಗೆಯೇ ಸಾಗರ ದಾಟಿ ಬರುತ್ತಿತ್ತು.

ಇದು ಸಾಲದು, ನಮ್ಮ ಕಾರನ್ನು ನಾವೇ ಮಾಡಬೇಕು ಎಂದು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ತಮ್ಮ ಎಂಜಿನಿಯರ್ ವೃತ್ತಿಯನ್ನು ಅವರು ಆರಂಭಿಸಿದ್ದೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ, ನಾಸಿಕ-ಖಾನದೇಶದ ಕಡೆ. ಮೈಸೂರಿನ ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ನಂತರ, 1930ರ ದಶಕದ ಮಧ್ಯದಲ್ಲಿ, 70 ದಾಟಿದ ವಯಸ್ಸಿನಲ್ಲಿ ಅವರು ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಒಂದು ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡವರು ಉದ್ಯಮಿ ವಾಲಚಂದ್ ಹೀರಾಚಂದ್. ಮೈಸೂರು ಸರಕಾರಕ್ಕೂ ಆಸಕ್ತಿಯಿತ್ತು. ಆದರೆ ಬ್ರಿಟಿಷ್ ಭಾರತ ಸರಕಾರ ಬೆಂಬಲ ಕೊಡಲಿಲ್ಲ. ವಾಲಚಂದ್ ಮೈಸೂರು ಸರಕಾರದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕಾರ್ಖಾನೆ ಮಾತ್ರ ಮುಂಬಯಿಯ ಪಾಲಾಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ ಕುರ್ಲಾದಲ್ಲಿ ಕೆಲಸ ಆರಂಭಿಸಿತು. ಮೊದಲು ಅಮೆರಿಕದ ಕ್ರೈಸ್ಲರ್ ಸಹಯೋಗ, ಆಮೇಲೆ ಇಟಲಿಯ ಫಿಯಾಟ್ ಸಹಯೋಗ. 1954ರಲ್ಲಿ ಬಂದ ಫಿಯಾಟ್ 1100 ಗುಂಡಗುಂಡಗಿನ ಮೈಯಿಂದಾಗಿ 'ಡುಕ್ಕರ್ ಫಿಯಾಟ್' ಎನಿಸಿಕೊಂಡಿತು. ಅದರ ಮುಂದಿನ ಪೀಳಿಗೆಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ನಾವು ಕಂಡ ಕಾಳಿ-ಪೀಳಿ ಟ್ಯಾಕ್ಸಿ!

ಆಡುಗೋಡಿಯ ಮೈಕೊ

ಕಾರು ಇಲ್ಲಿಯದಾಯಿತು. ಕಿಡಿ? 1953ರಲ್ಲಿ ಕೇಂದ್ರ ಸರಕಾರ ಒಂದು ಗಟ್ಟಿ ನಿರ್ಧಾರ ಮಾಡಿತು. ದೇಶದಲ್ಲಿ ಹಂತಹಂತವಾಗಿ ತಯಾರಿಕೆ ಮಾಡುವ ಯೋಜನೆ ಇರುವ ಕಂಪನಿಗಳಿಗೆ ಮಾತ್ರ ಮುಂದೆ ಅವಕಾಶ, ಬರೀ ಜೋಡಣೆ ಸಾಕು ಎನ್ನುವವರಿಗೆ ಇಲ್ಲ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಬಿಡಿಭಾಗಗಳನ್ನೂ ಇಲ್ಲಿಯೇ ಮಾಡಬೇಕಾದ ಕಾಲ ಬಂತು.

ಅದಕ್ಕೆ ತಕ್ಕ ಹಾಗೆ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಗಿತ್ತು. ಉದ್ದ ಹೆಸರು ಯಾರಿಗೆ ಬೇಕು? ಜನ 'ಮೈಕೊ' ಎಂದರು. ಬಾಷ್ ಸಹಯೋಗದಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳ ತಯಾರಿಕೆ ನಡೆಯಿತು. ಬೆಂಗಳೂರಿನ ಒಂದು ಬಡಾವಣೆಗೆ 'ಮೈಕೊ ಲೇಔಟ್' ಎಂಬ ಹೆಸರೇ ಬಿತ್ತು. ನಮ್ಮಲ್ಲಿ ಎಷ್ಟೋ ಜನರ ಬಂಧುಗಳು ಅಲ್ಲಿ ಕೆಲಸ ಮಾಡಿದವರೇ. "ಮೈಕೊದಲ್ಲಿದ್ದಾನೆ" ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳದ ಕಾಲವೊಂದಿತ್ತು. ಮಾಜಿವಾಡಾದಿಂದ ಹೊರಡುವ ರಸ್ತೆಯ ಆ ತುದಿಯಲ್ಲಿ, ನಾಸಿಕದಲ್ಲಿ, ಮೈಕೊದ ಇನ್ನೊಂದು ಕಾರ್ಖಾನೆ ಬಂತು. ಅಲ್ಲಿ ಮಾಡುತ್ತಿದ್ದುದು ಡೀಸೆಲ್ ಎಂಜಿನ್ನಿನ ನಾಸಲ್ ಮತ್ತು ಇಂಜೆಕ್ಟರ್.

ಹೀಗೆ ಒಬ್ಬ ಕನ್ನಡಿಗರ ಕನಸಿನಿಂದ ಹೊರಟ ಕಾರು ಕುರ್ಲಾದಲ್ಲಿ, ಅದರ ಕಿಡಿ ಆಡುಗೋಡಿಯಲ್ಲಿ. ಮುಂಬಯಿಯ ಬಿಡಿಭಾಗದ ಅಂಗಡಿಗಳಲ್ಲಿ 'ಮೈಕೊ ಪ್ಲಗ್' ಎಂಬುದು ಹೆಚ್ಚುಕಡಿಮೆ ಒಂದೇ ಪದವಾಗಿಹೋಗಿತ್ತು.

ಬಿಸಿ ಪ್ಲಗ್, ತಣ್ಣಗಿನ ಪ್ಲಗ್

ಈಗ ಅಂಗಡಿಯ ಮೂರು ಡಬ್ಬಿಗೆ ಬರೋಣ.

ಪ್ಲಗ್ಗಿನ ಕೆಲಸ ಎಷ್ಟು ಕಷ್ಟದ್ದು ನೋಡಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗು ಸೆಕೆಂಡಿಗೆ 25 ಸಲ ಕಿಡಿ ಕೊಡಬೇಕು. ಗಂಟೆಗೆ 90,000 ಕಿಡಿ! ಸುತ್ತ 2,000 ಡಿಗ್ರಿ ದಾಟಿದ ಉರಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ, ಕಿಡಿ ಅದರ ಮೇಲೆ ಜಾರಿ ಸೋರಿಹೋಗುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಹೀಗಾದರೆ ಪಿಸ್ಟನ್ನಿಗೇ ತೂತು ಬೀಳಬಹುದು.

ಈ ಎರಡರ ನಡುವೆ ಪ್ಲಗ್ಗನ್ನು ಹಿಡಿದಿಡುವುದು ಅದರ ಬಿಳಿ ಪಿಂಗಾಣಿ ಮೂಗು. ಮೂಗು ಉದ್ದವಾದರೆ ಬಿಸಿ ಹೊರಹೋಗುವ ದಾರಿಯೂ ಉದ್ದ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು 'ಬಿಸಿ' ಪ್ಲಗ್. ಮೂಗು ಗಿಡ್ಡವಾದರೆ 'ತಣ್ಣಗಿನ' ಪ್ಲಗ್. ಜೋರಾಗಿ ಓಡುವ, ಹೆಚ್ಚು ಶಕ್ತಿಯ ಎಂಜಿನ್ನಿಗೆ ತಣ್ಣಗಿನದು, ಮೆತ್ತಗಿನ ಎಂಜಿನ್ನಿಗೆ ಬಿಸಿಯದು. ಡಬ್ಬಿಯ ಮೇಲಿನ ಆ ಅಂಕಿ ಹೇಳುವುದು ಇದನ್ನೇ.

ಗೊಂದಲ ಇರುವುದೂ ಇಲ್ಲೇ. ಹಿಂದೆ ಬಾಷ್ ಮತ್ತು ಮೈಕೊ ಪ್ಲಗ್ಗುಗಳ ಮೇಲೆ 145, 175, 225 ಎಂಬಂತಹ ದೊಡ್ಡ ಅಂಕಿಗಳಿರುತ್ತಿದ್ದವು. ಪರೀಕ್ಷೆಯ ಎಂಜಿನ್ನಿನಲ್ಲಿ ಪ್ಲಗ್ಗು ಎಷ್ಟು ಹೊತ್ತು ಕೆಂಡವಾಗದೆ ತಡೆಯಿತು ಎಂಬ ಲೆಕ್ಕದಿಂದ ಬಂದ ಅಂಕಿಗಳವು. ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ತಣ್ಣಗೆ. ಆಮೇಲೆ ಬಾಷ್ ಹೊಸ ಪದ್ಧತಿ ತಂದಿತು. 13ರಿಂದ ಕೆಳಗಿಳಿಯುವ ಚಿಕ್ಕ ಅಂಕಿಗಳು. ಇಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ಬಿಸಿ! ಪೂರಾ ಉಲ್ಟಾ. ಅಮೆರಿಕದ ಚಾಂಪಿಯನ್ ಲೆಕ್ಕವೂ ದೊಡ್ಡ ಅಂಕಿ ಎಂದರೆ ಬಿಸಿ. ಜಪಾನಿನ ಎನ್‌ಜಿಕೆ ಮತ್ತು ಡೆನ್ಸೊ ಲೆಕ್ಕದಲ್ಲಿ ದೊಡ್ಡ ಅಂಕಿ ಎಂದರೆ ತಣ್ಣಗೆ.

ಒಂದು ಉದಾಹರಣೆ. ಬಾಷ್‌ನ 'ಡಬ್ಲ್ಯೂಆರ್ 7 ಡಿಸಿ', ಎನ್‌ಜಿಕೆಯ 'ಬಿಪಿಆರ್ 6 ಇಎಸ್', ಚಾಂಪಿಯನ್‌ನ 'ಆರ್‌ಎನ್ 9 ವೈಸಿ'. ಅಂಗಡಿಯವರ 7, 6 ಮತ್ತು 9 ಇವೇ. ಮೂರೂ ಒಂದಕ್ಕೊಂದು ಬದಲಿಯಾಗಿ ನಿಲ್ಲುವ ಪ್ಲಗ್ಗುಗಳು. ಆದ್ದರಿಂದ "ಹಳೆಯದರಲ್ಲಿ 7 ಇತ್ತು, ಬೇರೆ ಕಂಪನಿಯ 7 ಕೊಡಿ" ಎಂದು ಕೇಳಿದರೆ ಎಡವಿದಿರಿ ಎಂದೇ ಅರ್ಥ. ಅಂಕಿಯನ್ನು ಅಂಕಿಗೆ ಹೋಲಿಸಬೇಡಿ. ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್ ಮತ್ತು ಇಸವಿಯ ಎದುರು ಏನಿದೆ ನೋಡಿ.

ಅಕ್ಷರಗಳಿಗೂ ಅರ್ಥವಿದೆ. ಬಾಷ್ ಸಂಖ್ಯೆಯ 'ಡಬ್ಲ್ಯೂ' ಎಂದರೆ 14 ಮಿ.ಮೀ. ಮರೆ, ಚಪ್ಪಟೆ ವಾಷರ್. 'ಆರ್' ರೆಸಿಸ್ಟರ್. 'ಡಿ' ಎಂದರೆ ಮರೆಯ ಉದ್ದ 19 ಮಿ.ಮೀ. 'ಸಿ' ಎಂದರೆ ಒಳಗೆ ತಾಮ್ರದ ತಿರುಳು. ಎನ್‌ಜಿಕೆಯಲ್ಲಿ 19 ಮಿ.ಮೀ. ಉದ್ದಕ್ಕೆ 'ಇ', 12.7 ಮಿ.ಮೀ. ಗಿಡ್ಡ ಮರೆಗೆ 'ಎಚ್'. ಈ ಉದ್ದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡ್ಡ ಬೇಕಾದಲ್ಲಿ ಉದ್ದದ್ದು ಹಾಕಿದರೆ ಪಿಸ್ಟನ್ ಬಂದು ಬಡಿಯಬಹುದು. ಉದ್ದ ಬೇಕಾದಲ್ಲಿ ಗಿಡ್ಡದ್ದು ಹಾಕಿದರೆ ಖಾಲಿ ಉಳಿದ ಮರೆಯಲ್ಲಿ ಮಸಿ ಕಟ್ಟಿ, ಮುಂದೆ ಸರಿಯಾದ ಪ್ಲಗ್ಗು ಕೂರುವುದೇ ಇಲ್ಲ.

ಪೆಟ್ರೋಲ್ ಬದಲಾಯಿತು, ಪ್ಲಗ್ಗೂ ಬದಲಾಯಿತು

ಪದ್ಮಿನಿಯ ಕಾಲದ ಮೆಕ್ಯಾನಿಕ್ಕುಗಳು ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಜಾತಕ ಹೇಳುತ್ತಿದ್ದರು. ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಒಸರಿದ್ದರೆ ರಿಂಗ್ ಸವೆದಿದೆ. ಬೆಳ್ಳಗೆ ಸುಟ್ಟಿದ್ದರೆ ಎಂಜಿನ್ ಕಾಯುತ್ತಿದೆ ಅಥವಾ ಪ್ಲಗ್ಗೇ ತಪ್ಪು. ಉಪ್ಪುಕಾಗದದಿಂದ ಉಜ್ಜಿ, ಗ್ಯಾಪ್ ಸರಿಮಾಡಿ, ಮತ್ತೆ ಹಾಕುತ್ತಿದ್ದರು. ಟ್ಯಾಕ್ಸಿಯವರಿಗೆ ಇದು ಹೊಟ್ಟೆಪಾಡಿನ ಮಾತು. ಪದ್ಮಿನಿಗೆ ನಾಲ್ಕು ಸಿಲಿಂಡರ್. ಅದರಲ್ಲಿ ಒಂದು ಸತ್ತರೆ ಕಾಲುಭಾಗ ಶಕ್ತಿ ಹೋಯಿತು, ಪೆಟ್ರೋಲ್ ಮಾತ್ರ ಪೂರಾ ಖರ್ಚು. ಆ ದಿನದ ಗಳಿಕೆ ಅಲ್ಲೇ ಸೋರಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರ್, ಮೂರೇ ಪ್ಲಗ್ಗು. ಆದರೂ ನಮ್ಮ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲವದು. ಆ ಸೀಸವೂ ಪಿಂಗಾಣಿಯ ಮೇಲೆ ಪದರ ಕಟ್ಟುತ್ತಿತ್ತು. 1995ರ ಏಪ್ರಿಲ್ 1ರಿಂದ ಮುಂಬಯಿ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೀಸರಹಿತ ಪೆಟ್ರೋಲ್ ಬಂದವು. 2000ದ ಫೆಬ್ರವರಿ 1ಕ್ಕೆ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಅದೇ ಹೊತ್ತಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು. ಪ್ಲಗ್ಗಿನ ಆಯಸ್ಸು ಹೆಚ್ಚಿತು. ಆದರೆ ಕೆಟ್ಟ ಪ್ಲಗ್ಗಿನ ದಂಡವೂ ಹೆಚ್ಚಿತು. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನು ಕರಗಿಸಿಬಿಡುತ್ತದೆ. ಪ್ಲಗ್ಗಿಗೆ ಉಳಿಸಿದ ನೂರಿನ್ನೂರು ರೂಪಾಯಿ ಸಾವಿರಗಳಲ್ಲಿ ಹೋಗುತ್ತದೆ.

ನಮ್ಮ ಊರಿಗೆ ಇನ್ನೊಂದು ವಿಶೇಷವಿದೆ: ಸಿಎನ್‌ಜಿ. ಮಹಾನಗರ್ ಗ್ಯಾಸ್ ಕಂಪನಿ 1995ರಲ್ಲಿ ಸ್ಥಾಪನೆಯಾಯಿತು. 2000ದ ದಶಕದ ಆರಂಭದಲ್ಲಿ ಹೊಗೆಯ ವಿರುದ್ಧ ಬಾಂಬೆ ಹೈಕೋರ್ಟಿನ ಆದೇಶಗಳು ಬಂದ ಮೇಲೆ ಟ್ಯಾಕ್ಸಿಗಳು ಸಾಲುಸಾಲಾಗಿ ಗ್ಯಾಸಿಗೆ ಬದಲಾದವು. ಗ್ಯಾಸಿನಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಪ್ಲಗ್ಗು ಬೇಗ ಸವೆಯುತ್ತದೆ, ಹಳೆ ತಂತಿ-ಕ್ಯಾಪುಗಳ ದೌರ್ಬಲ್ಯವೂ ಬೇಗ ಹೊರಬೀಳುತ್ತದೆ. ನಿಮ್ಮದು ಸಿಎನ್‌ಜಿ ಕಾರಾದರೆ ಪುಸ್ತಕದಲ್ಲಿ ಗ್ಯಾಸಿಗೆ ಬೇರೆ ಪ್ಲಗ್ಗು ಅಥವಾ ಬೇರೆ ಗ್ಯಾಪ್ ಹೇಳಿದೆಯೇ ಎಂದು ತಪ್ಪದೆ ನೋಡಿ.

ಡೀಸೆಲ್ ಕಾರಿನವರು ನಿಶ್ಚಿಂತರಾಗಿರಿ. ನಿಮ್ಮ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಇರುವುದು ಚಳಿಯಲ್ಲಿ ಬಿಸಿಮಾಡುವ ಹೀಟರ್ ಪ್ಲಗ್, ಅದು ಬೇರೆಯೇ ಜಾತಿ.

ಅಂಗಡಿಗೆ ಹೋಗುವ ಮುನ್ನ

ಇಷ್ಟೆಲ್ಲ ಕೇಳಿದ ಮೇಲೆ ನೀವು ಮಾಡಬೇಕಾದ್ದು ಸ್ವಲ್ಪವೇ.

ಮೊದಲು ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಪ್ಲಗ್ಗಿನ ಪೂರ್ತಿ ನಂಬರು, ಗ್ಯಾಪು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎಂಜಿನ್ನಿನಿಂದ ತೆಗೆದ ಹಳೆಯ ಪ್ಲಗ್ಗೇ ಪ್ರಮಾಣ ಎಂದುಕೊಳ್ಳಬೇಡಿ, ಹಿಂದಿನವರು ತಪ್ಪು ಪ್ಲಗ್ಗು ಹಾಕಿದ್ದಿರಬಹುದು.

ಎರಡನೆಯದು ಲೋಹದ ಮಾತು. ಸಾಮಾನ್ಯ ನಿಕಲ್ ತುದಿಯ ಪ್ಲಗ್ಗು ಅಗ್ಗ, ಬೇಗ ಸವೆಯುತ್ತದೆ. ಪ್ಲಾಟಿನಮ್ ಮತ್ತು ಇರಿಡಿಯಮ್ ತುದಿಯವು ದುಬಾರಿ, ಹಲವು ಪಟ್ಟು ಹೆಚ್ಚು ದೂರ ಬಾಳುತ್ತವೆ. ಕಂಪನಿಯೇ ಇರಿಡಿಯಮ್ ಹಾಕಿಕೊಟ್ಟ ಕಾರಿಗೆ ಅದನ್ನೇ ಹಾಕಿ. ನಿಕಲ್ ಪ್ಲಗ್ಗಿನ ಹಳೆ ಕಾರಿಗೆ ಇರಿಡಿಯಮ್ ಹಾಕಿದರೆ ಕಾರು ಹಾರಿಹೋಗುತ್ತದೆ ಎಂಬ ಮಾತು ನಂಬಬೇಡಿ. ಬದಲಿಸುವ ಗೋಜು ಕಡಿಮೆಯಾಗುತ್ತದೆ, ಅಷ್ಟೇ ಲಾಭ. ಇರಿಡಿಯಮ್ ತುದಿಯನ್ನು ಬ್ರಷ್‌ನಿಂದಾಗಲಿ ಉಪ್ಪುಕಾಗದದಿಂದಾಗಲಿ ಉಜ್ಜಲೇಬಾರದು, ಕೂದಲಿನಷ್ಟು ನಾಜೂಕಾದದ್ದು.

ಮೂರನೆಯದು, ನಂಬರಿನಲ್ಲಿ 'ಆರ್' ಇದ್ದಲ್ಲಿ 'ಆರ್' ಇರುವುದನ್ನೇ ಕೊಳ್ಳಿ. ಮೊದಲು ಇದು ಹಾಡು ಕೇಳುವವರ ಅನುಕೂಲಕ್ಕೆ ಹುಟ್ಟಿದ್ದು. ಇಂದಿನ ಕಾರುಗಳಲ್ಲಿ ಎಂಜಿನ್ ನಡೆಸುವುದೇ ಕಂಪ್ಯೂಟರ್, ಕಿಡಿಯ ಗದ್ದಲ ಅದನ್ನೂ ಕೆಡಿಸಬಲ್ಲದು. ಎಫ್‌ಎಂನಲ್ಲಿ ಈ ಚಟಪಟ ಅಷ್ಟಾಗಿ ಕೇಳದು. ಮೀಡಿಯಮ್ ವೇವಿನಲ್ಲಿ ಎಂಜಿನ್ನಿನ ವೇಗದ ಜೊತೆ ಏರಿಳಿಯುವ ಗರಗರ ಕೇಳಿದರೆ ಪ್ಲಗ್ಗು ಅಥವಾ ತಂತಿಯ ಕಡೆ ಕಣ್ಣುಹಾಯಿಸಿ. ನಿಮ್ಮ ರೇಡಿಯೊ ಮೆಕ್ಯಾನಿಕ್ಕಿಗಿಂತ ಮೊದಲೇ ಸುದ್ದಿ ಹೇಳುತ್ತಿದೆ!

ನಾಲ್ಕನೆಯದು, ನಕಲಿ ಮಾಲು. ಹೆಸರುವಾಸಿ ಪ್ಲಗ್ಗುಗಳಿಗೆ ನಕಲಿ ಇದ್ದೇ ಇದೆ. ಅಕ್ಷರ ಉಗುರಿಗೆ ಅಳಿಸಿಬಂದರೆ, ನಡುವಿನ ತುದಿ ಓರೆಯಾಗಿದ್ದರೆ, ಮರೆ ಒರಟಾಗಿದ್ದರೆ, ಒಂದೇ ಡಬ್ಬಿಯ ಪ್ಲಗ್ಗುಗಳ ಗ್ಯಾಪು ಬೇರೆಬೇರೆ ಇದ್ದರೆ ವಾಪಸು ಕೊಡಿ. ಬಿಲ್ ಕೇಳಿ ತೆಗೆದುಕೊಳ್ಳಿ. ಎಲ್ಲ ಸಿಲಿಂಡರಿನ ಪ್ಲಗ್ಗುಗಳನ್ನು ಒಟ್ಟಿಗೇ ಬದಲಿಸಿ.

ಕೂಡಿಸುವಾಗ ಎಂಜಿನ್ ತಣ್ಣಗಿರಲಿ. ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಹೊಸ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಆಮೇಲೆ ಪಾನಾದಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಸಾಕು. ಸಿಲಿಂಡರ್ ಹೆಡ್ ಅಲ್ಯುಮಿನಿಯಮ್ಮಿನದು. ಬಲ ತೋರಿಸಿದರೆ ಮರೆ ಕಿತ್ತುಬರುತ್ತದೆ.

ಮಳೆಗಾಲಕ್ಕೆ ಒಂದು ಮಾತು. ಜುಲೈ ತಿಂಗಳ ಬೆಳಿಗ್ಗೆ ಕಾರು ಚಾಲೂ ಆಗದಿದ್ದರೆ ಕೂಡಲೇ ಪ್ಲಗ್ಗಿಗೆ ಹಣ ಹಾಕಬೇಡಿ. ಹಳೆಯ ಕಾರುಗಳಲ್ಲಿ ತಂತಿ, ಕ್ಯಾಪು, ಡಿಸ್ಟ್ರಿಬ್ಯೂಟರಿನೊಳಗೆ ತೇವ ಕೂತು ಕಿಡಿ ದಾರಿ ತಪ್ಪುವುದೇ ಹೆಚ್ಚು. ಒಣಬಟ್ಟೆಯಿಂದ ಒರೆಸಿ ನೋಡಿ.

ಹೆಸರು ಉಳಿದಿದೆ

ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಅವು ಬಾಡಿಗೆಗೆ ಓಡುವುದು ಅಧಿಕೃತವಾಗಿ ಮುಗಿಯಿತು. ಮೈಕೊ ಎಂಬ ಹೆಸರೂ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆಡುಗೋಡಿಯ ಯಂತ್ರಗಳು ಬಿಡದಿಯ ದಾರಿ ಹಿಡಿದವು. ಆ ಜಾಗದಲ್ಲಿ ಎದ್ದ ಎಂಜಿನಿಯರುಗಳ ದೊಡ್ಡ ಕ್ಯಾಂಪಸ್ಸನ್ನು 2022ರ ಜೂನ್ 30ರಂದು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಅದಕ್ಕಿಟ್ಟ ಹೆಸರು 'ಸ್ಪಾರ್ಕ್ ನೆಕ್ಸ್ಟ್'. ಕಿಡಿ ಅಲ್ಲಿ ಹೆಸರಾಗಿ ಉಳಿಯಿತು.

ವಿದ್ಯುತ್ ಕಾರು ಬಂದ ಮೇಲೆ 'ಪ್ಲಗ್' ಎಂದರೆ ಮಕ್ಕಳಿಗೆ ಚಾರ್ಜಿಂಗ್ ಪ್ಲಗ್ಗೇ ನೆನಪಾಗುವ ಕಾಲವಿದು. ಆದರೂ ಮಾಜಿವಾಡಾದ ಸಿಗ್ನಲ್ಲಿನಲ್ಲಿ ನಿಂತ ಪೆಟ್ರೋಲ್ ಮತ್ತು ಗ್ಯಾಸ್ ಕಾರುಗಳೆಲ್ಲ ಇನ್ನೂ ಆ ಪುಟ್ಟ ಪಿಂಗಾಣಿ ಮೂಗನ್ನೇ ನಂಬಿವೆ. ನಿಮ್ಮದೂ ಅವುಗಳಲ್ಲೊಂದಾದರೆ ಈ ಭಾನುವಾರ ಆ ಪುಸ್ತಕ ಹುಡುಕಿ ತೆಗೆಯಿರಿ, ಪ್ಲಗ್ಗಿನ ನಂಬರು ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಮೈಕೊದಲ್ಲಿ ದುಡಿದ ಹಿರಿಯರೋ, ಕಾಳಿ-ಪೀಳಿ ಓಡಿಸಿದವರೋ ಇದ್ದರೆ ಅವರನ್ನು ಕೂರಿಸಿ ಮಾತಾಡಿಸಿ. ಈ ಲೇಖನದಲ್ಲಿ ಹಿಡಿಯದಷ್ಟು ಕಥೆ ಅವರಲ್ಲಿದೆ. ಕೇಳಿ ನಮಗೂ ಬರೆದು ತಿಳಿಸಿ.